ಗುಂಡೇಟಿನ ಸಾವಿಗೆ ಲೆಕ್ಕ ಇಟ್ಟವರು

2024ರ ಜೂನ್ 25ರಂದು ಅಮೆರಿಕದ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿ ಒಂದು ಸಾರ್ವಜನಿಕ ಎಚ್ಚರಿಕೆಯನ್ನು ಹೊರಡಿಸಿದರು. ಸರ್ಜನ್ ಜನರಲ್ ಎಂದರೆ ಜನರ ಆರೋಗ್ಯದ ವಿಷಯದಲ್ಲಿ ಆ ದೇಶದ ಸರ್ಕಾರದ ಪರವಾಗಿ ಮಾತನಾಡುವ ಹಿರಿಯ ವೈದ್ಯಾಧಿಕಾರಿ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು 1964ರಲ್ಲಿ ಇಡೀ ದೇಶಕ್ಕೆ ಸಾರಿದವರು ಇದೇ ಹುದ್ದೆಯಲ್ಲಿದ್ದ ಲೂಥರ್ ಟೆರಿ. ಆರು ದಶಕಗಳ ನಂತರ ಅದೇ ಪೀಠದಿಂದ ಹೊರಟ ಹೊಸ ಎಚ್ಚರಿಕೆಯ ವಿಷಯ ಬಂದೂಕು. ಬಂದೂಕಿನ ಹಿಂಸೆ ಅಮೆರಿಕದ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟಾಗಿದೆ ಎಂದು ಅದು ಹೇಳಿತು. ಈ ಹುದ್ದೆಯಿಂದ ಇಂಥ ಎಚ್ಚರಿಕೆ ಹೊರಬಿದ್ದದ್ದು ಅದೇ ಮೊದಲು.

ವಿವೇಕ್ ಮೂರ್ತಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಅವರು ಮೊದಲ ಬಾರಿಗೆ ಆ ಹುದ್ದೆಗೆ ನೇಮಕವಾದಾಗ ಕರ್ನಾಟಕದ ಪತ್ರಿಕೆಗಳು ಹೆಮ್ಮೆಯಿಂದಲೇ ಸುದ್ದಿ ಮಾಡಿದ್ದವು. ಆದರೆ ಆ ನೇಮಕ ಒಂದು ವರ್ಷಕ್ಕೂ ಹೆಚ್ಚು ಕಾಲ ನೆನೆಗುದಿಗೆ ಬಿದ್ದಿತ್ತು. ಬಂದೂಕನ್ನು ಅವರು ಆರೋಗ್ಯದ ವಿಷಯವೆಂದು ಕರೆದಿದ್ದುದು ಅದಕ್ಕೆ ಮುಖ್ಯ ಕಾರಣ.

ಗುಂಡು ಹಾರಿಸಿದವನನ್ನು ಹಿಡಿಯುವವರು ಪೊಲೀಸರು, ಶಿಕ್ಷಿಸುವುದು ನ್ಯಾಯಾಲಯ. ಇದರಲ್ಲಿ ವೈದ್ಯರಿಗೆ ಗಾಯ ಹೊಲಿಯುವುದರ ಆಚೆಗೆ ಏನು ಕೆಲಸ ಎಂಬ ಪ್ರಶ್ನೆ ಸಹಜವಾದದ್ದೇ. ಅಮೆರಿಕದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ವೈದ್ಯರು, ಸಂಶೋಧಕರು ಸುಮಾರು ಅರ್ಧ ಶತಮಾನದಿಂದ ಹೋರಾಡುತ್ತ ಬಂದಿದ್ದಾರೆ. ಆ ಹೋರಾಟದ ಬಹುಭಾಗ ನಡೆದದ್ದು ಸಾವುಗಳನ್ನು ಎಣಿಸುವ, ಅವುಗಳ ಕಾರಣವನ್ನು ಹುಡುಕುವ ಹಕ್ಕಿಗಾಗಿ.

ಅಂಕಿಗಳು ಹೇಳುವುದೇನು?

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೇ ತಿದ್ದುಪಡಿ ಜನರಿಗೆ ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಕೊಟ್ಟಿದೆ. ಅಲ್ಲಿ ಜನರಿಗಿಂತ ಬಂದೂಕುಗಳೇ ಹೆಚ್ಚು. 2017ರ ಒಂದು ಅಂದಾಜಿನ ಪ್ರಕಾರ ಖಾಸಗಿಯವರ ಕೈಯಲ್ಲಿದ್ದ ಬಂದೂಕುಗಳ ಸಂಖ್ಯೆ 39 ಕೋಟಿ. ಗುಂಡೇಟಿನಿಂದ 2021ರಲ್ಲಿ ಸತ್ತವರು 48,830 ಮಂದಿ. ನಂತರದ ಎರಡು ವರ್ಷಗಳಲ್ಲಿ ಈ ಸಂಖ್ಯೆ ಇಳಿಯಿತು. ಇಳಿದ ಮೇಲೂ 2023ರಲ್ಲಿ 46,728 ಮಂದಿ ಸತ್ತರು. ದಿನಕ್ಕೆ ನೂರಿಪ್ಪತ್ತೈದಕ್ಕೂ ಹೆಚ್ಚು ಸಾವು ಎಂದಾಯಿತು.

ಅಮೆರಿಕದ ಬಂದೂಕು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಶಾಲೆಯಲ್ಲೋ ಚಿತ್ರಮಂದಿರದಲ್ಲೋ ನಡೆದ ಸಾಮೂಹಿಕ ಹತ್ಯೆ. ಒಟ್ಟು ಸಾವುಗಳಲ್ಲಿ ಇಂಥ ಘಟನೆಗಳ ಪಾಲು ಬಹಳ ಸಣ್ಣದು. 2023ರ ಸಾವುಗಳಲ್ಲಿ ಕೊಲೆಗಳು 17,927. ಆತ್ಮಹತ್ಯೆಗಳು 27,300, ಅಂದರೆ ಅರ್ಧಕ್ಕಿಂತ ಹೆಚ್ಚು. ಬಂದೂಕಿನ ಸಾವಿನಲ್ಲಿ ಬಹುಪಾಲು ಯಾವ ಪತ್ರಿಕೆಯ ಮುಖಪುಟಕ್ಕೂ ಬಾರದೆ ಮನೆಯ ನಾಲ್ಕು ಗೋಡೆಗಳ ನಡುವೆ ನಡೆದುಹೋಗುತ್ತದೆ.

ಇನ್ನೊಂದು ಅಂಕಿ ಅಮೆರಿಕನ್ನರನ್ನೇ ಬೆಚ್ಚಿಬೀಳಿಸಿತು. 1ರಿಂದ 19 ವರ್ಷದೊಳಗಿನವರ ಸಾವಿಗೆ ಅಲ್ಲಿ ದಶಕಗಳ ಕಾಲ ಮೊದಲ ಕಾರಣವಾಗಿದ್ದುದು ವಾಹನ ಅಪಘಾತ. 2020ರಲ್ಲಿ ಆ ಸ್ಥಾನಕ್ಕೆ ಬಂದೂಕು ಬಂತು. ಒಂದು ಕಾರಣದ ಸಾವು ಇಳಿಯುತ್ತ ಬಂದು ಇನ್ನೊಂದು ಏರಿದ್ದು ಏಕೆ ಎಂಬುದನ್ನು ತಿಳಿಯಲು ಕಾರಿನ ಕಥೆಯನ್ನು ಮೊದಲು ನೋಡಬೇಕು.

ಕಾರು ಕಲಿಸಿದ ಪಾಠ

1960ರ ದಶಕದವರೆಗೆ ಅಮೆರಿಕದಲ್ಲಿ ರಸ್ತೆ ಅಪಘಾತವೆಂದರೆ ಚಾಲಕನ ತಪ್ಪು ಎಂಬುದೇ ಎಲ್ಲರ ನಂಬಿಕೆ. ಕುಡಿದವನು, ಅವಸರದವನು, ಅಜಾಗರೂಕ - ಇವರನ್ನು ಹಿಡಿದು ದಂಡ ಹಾಕಿದರೆ ಸಾವು ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಕಾರು ತಯಾರಕರೂ ಹೇಳುತ್ತಿದ್ದರು. ವಿಲಿಯಂ ಹ್ಯಾಡನ್ ಎಂಬ ವೈದ್ಯರು ಈ ವಾದವನ್ನು ಒಪ್ಪಲಿಲ್ಲ. ಮಲೇರಿಯಾ ಬಂದಾಗ ವೈದ್ಯರು ರೋಗಿಯನ್ನು ಮಾತ್ರ ನೋಡಿ ಸುಮ್ಮನಾಗುವುದಿಲ್ಲ. ರೋಗಾಣು, ಸೊಳ್ಳೆ, ಸೊಳ್ಳೆ ಹುಟ್ಟುವ ನಿಂತ ನೀರು ಎಲ್ಲವನ್ನೂ ನೋಡುತ್ತಾರೆ. ಅಪಘಾತವನ್ನೂ ಹಾಗೆಯೇ ನೋಡಬೇಕು ಎಂಬುದು ಹ್ಯಾಡನ್ ವಾದ. ಮನುಷ್ಯ, ವಾಹನ, ರಸ್ತೆ ಈ ಮೂರನ್ನೂ ಡಿಕ್ಕಿಗೆ ಮೊದಲು, ಡಿಕ್ಕಿಯ ಕ್ಷಣದಲ್ಲಿ, ಡಿಕ್ಕಿಯ ನಂತರ ಹೀಗೆ ಮೂರು ಹಂತಗಳಲ್ಲಿ ಪರೀಕ್ಷಿಸಬೇಕು ಎಂದು ಅವರು ಒಂದು ಕೋಷ್ಟಕವನ್ನೇ ರೂಪಿಸಿದರು.

1966ರಲ್ಲಿ ಅಮೆರಿಕದ ಸಂಸತ್ತು ಹೆದ್ದಾರಿ ಸುರಕ್ಷತೆಯ ಕಾಯ್ದೆಗಳನ್ನು ತಂದಿತು. ಅದರ ಜಾರಿಗೆ ಹುಟ್ಟಿದ ಸಂಸ್ಥೆಗೆ ಹ್ಯಾಡನ್ ಅವರೇ ಮೊದಲ ಮುಖ್ಯಸ್ಥರಾದರು. ಸೀಟ್ ಬೆಲ್ಟ್, ಎದೆಗೆ ಚುಚ್ಚದೆ ಒಳಗೆ ಕುಸಿಯುವ ಸ್ಟಿಯರಿಂಗ್, ಚೂರುಚೂರಾಗಿ ಸಿಡಿಯದ ಗಾಜು, ರಸ್ತೆ ಬದಿಯ ತಡೆಬೇಲಿ ಒಂದೊಂದಾಗಿ ಬಂದವು. ಪ್ರತಿ ಅಪಘಾತದ ವಿವರವನ್ನೂ ದಾಖಲಿಸಲಾಯಿತು. ಅಂದು ವಾಹನಗಳು ಓಡಿದ ಪ್ರತಿ 10 ಕೋಟಿ ಮೈಲಿಗೆ ಐದಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಈಗ ಆ ಪ್ರಮಾಣ ಒಂದೂಕಾಲರ ಆಸುಪಾಸಿನಲ್ಲಿದೆ. ಇದಕ್ಕಾಗಿ ಯಾರ ಕಾರನ್ನೂ ಕಿತ್ತುಕೊಳ್ಳಲಿಲ್ಲ. ಕೆಟ್ಟ ಚಾಲಕರೂ ಭೂಮಿಯಿಂದ ಮಾಯವಾಗಲಿಲ್ಲ. ತಪ್ಪು ನಡೆದಾಗಲೂ ಜೀವ ಉಳಿಯುವಂತೆ ವ್ಯವಸ್ಥೆ ಬದಲಾಯಿತು, ಅಷ್ಟೇ.

ಬಂದೂಕಿನ ಕಡೆಗೆ ತಿರುಗಿದ ಕಣ್ಣು

ಲಸಿಕೆ ಮತ್ತು ಆ್ಯಂಟಿಬಯಾಟಿಕ್‌ಗಳಿಂದ ಸೋಂಕುರೋಗಗಳ ಸಾವು ಇಳಿದಂತೆ ಅಮೆರಿಕದ ಆರೋಗ್ಯಾಧಿಕಾರಿಗಳ ಕಣ್ಣಿಗೆ ಬೇರೆ ಕಾರಣಗಳು ಬೀಳತೊಡಗಿದವು. ಯುವಕರ ಸಾವಿನ ಪಟ್ಟಿಯಲ್ಲಿ ಅಪಘಾತ, ಕೊಲೆ, ಆತ್ಮಹತ್ಯೆಗಳು ಮೇಲಿನ ಸಾಲಿಗೆ ಏರಿದ್ದವು. 1979ರಲ್ಲಿ ಸರ್ಜನ್ ಜನರಲ್ ಜೂಲಿಯಸ್ ರಿಚ್‌ಮಂಡ್ ಹೊರತಂದ ವರದಿ ದೇಶದ ಆರೋಗ್ಯದ ಆದ್ಯತೆಗಳಲ್ಲಿ ಹಿಂಸೆಯ ತಡೆಯನ್ನೂ ಸೇರಿಸಿತು. 1983ರಲ್ಲಿ ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರ (ಸಿ.ಡಿ.ಸಿ.) ಹಿಂಸೆಯ ಅಧ್ಯಯನಕ್ಕೆಂದೇ ಒಂದು ವಿಭಾಗ ತೆರೆಯಿತು. ಸಿಡುಬು, ಪೋಲಿಯೊಗಳ ಬೆನ್ನುಹತ್ತಿದ್ದ ಸಂಸ್ಥೆ ಅದು. 1985ರಲ್ಲಿ ಆಗಿನ ಸರ್ಜನ್ ಜನರಲ್ ಸಿ. ಎವರೆಟ್ ಕೂಪ್ ಹಿಂಸೆ ಮತ್ತು ಸಾರ್ವಜನಿಕ ಆರೋಗ್ಯ ಕುರಿತು ಕಾರ್ಯಾಗಾರ ಕರೆದರು. ಕೂಪ್ ಅವರನ್ನು ನೇಮಿಸಿದ್ದು ಬಂದೂಕು ಹಕ್ಕಿನ ಪರವಾಗಿದ್ದ ಅಧ್ಯಕ್ಷ ರೇಗನ್. ಆಗ ಇದು ಇನ್ನೂ ಪಕ್ಷಗಳ ಜಗಳವಾಗಿರಲಿಲ್ಲ.

ಈ ಕಾಲದಲ್ಲೇ ಆರ್ಥರ್ ಕೆಲ್ಲರ್‌ಮನ್ ಎಂಬ ಯುವ ವೈದ್ಯರು ಸಿಯಾಟಲ್ ನಗರದಲ್ಲಿದ್ದರು. ಟೆನೆಸಿ ರಾಜ್ಯದವರಾದ ಅವರಿಗೆ ಬಂದೂಕು ಹೊಸತಲ್ಲ. ಚಿಕ್ಕಂದಿನಲ್ಲಿ ತಂದೆಯೇ ಗುರಿ ಹಿಡಿಯಲು ಕಲಿಸಿದ್ದರು. 1984ರಲ್ಲಿ ಖ್ಯಾತ ಗಾಯಕ ಮಾರ್ವಿನ್ ಗೇ ಮನೆಯ ಜಗಳದಲ್ಲಿ ತಂದೆಯ ಗುಂಡಿಗೆ ಬಲಿಯಾದರು. ಆ ಪಿಸ್ತೂಲನ್ನು ತಂದೆಗೆ ಕೊಟ್ಟಿದ್ದವರು ಸ್ವತಃ ಮಗನೇ. ಮನೆಯ ರಕ್ಷಣೆಗೆಂದು ಇಟ್ಟ ಬಂದೂಕು ನಿಜಕ್ಕೂ ಯಾರನ್ನು ಕೊಲ್ಲುತ್ತದೆ? ಎಲ್ಲರೂ ವಾದಿಸುತ್ತಿದ್ದ ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಟ್ಟವರು ವಿರಳ.

ಕೆಲ್ಲರ್‌ಮನ್ ಮತ್ತು ಶವಪರೀಕ್ಷಾ ತಜ್ಞ ಡೊನಾಲ್ಡ್ ರೇ ಸಿಯಾಟಲ್ ಇರುವ ಕಿಂಗ್ ಕೌಂಟಿಯ 1978ರಿಂದ 1983ರವರೆಗಿನ ಗುಂಡೇಟಿನ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಬಂದೂಕು ಇದ್ದ ಮನೆಯೊಳಗೇ ನಡೆದ ಸಾವುಗಳು 398. ಅವುಗಳಲ್ಲಿ ಆತ್ಮಹತ್ಯೆಗಳು 333. ಆತ್ಮರಕ್ಷಣೆಗಾಗಿ ಕೊಂದ ಪ್ರಕರಣಗಳು ಕೇವಲ 9. ಆತ್ಮರಕ್ಷಣೆಯ ಒಂದೊಂದು ಸಾವಿಗೆ ಪ್ರತಿಯಾಗಿ 37 ಆತ್ಮಹತ್ಯೆ, ನಾಲ್ಕಕ್ಕೂ ಹೆಚ್ಚು ಕೊಲೆ, ಒಂದಕ್ಕೂ ಹೆಚ್ಚು ಆಕಸ್ಮಿಕ ಸಾವು ನಡೆದಿದ್ದವು. 1986ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆ ಇದನ್ನು ಪ್ರಕಟಿಸಿತು.

ಬಂದೂಕು ತೋರಿಸಿ ಕಳ್ಳನನ್ನು ಓಡಿಸಿದವರ ಲೆಕ್ಕ ಇದರಲ್ಲಿಲ್ಲ ಎಂಬ ಆಕ್ಷೇಪ ಬಂತು. ಅದು ನ್ಯಾಯವಾದ ಆಕ್ಷೇಪವೇ. ಕೆಲ್ಲರ್‌ಮನ್ ಮತ್ತು ಸಂಗಡಿಗರು ಇನ್ನೂ ಗಟ್ಟಿಯಾದ ಅಧ್ಯಯನಕ್ಕೆ ಕೈಹಾಕಿದರು. ಸಿಗರೇಟು ಮತ್ತು ಕ್ಯಾನ್ಸರಿನ ನಂಟನ್ನು ಸಾಬೀತು ಮಾಡಿದ್ದು ರೋಗಿಗಳನ್ನು ಆರೋಗ್ಯವಂತರೊಡನೆ ಹೋಲಿಸುವ ವಿಧಾನ. ಅದೇ ವಿಧಾನವನ್ನು ಅವರು ಇಲ್ಲಿ ಬಳಸಿದರು. ಮೂರು ಕೌಂಟಿಗಳಲ್ಲಿ ಮನೆಯೊಳಗೆ ಕೊಲೆಯಾದ ಪ್ರತಿ ವ್ಯಕ್ತಿಗೂ ಅದೇ ನೆರೆಹೊರೆಯ, ಅದೇ ವಯಸ್ಸಿನ ಆಸುಪಾಸಿನ ಇನ್ನೊಬ್ಬರನ್ನು ಜೋಡಿ ಮಾಡಿ ಹೋಲಿಸಿದರು. ಕುಡಿತ, ಮಾದಕ ವಸ್ತು, ಮನೆಯ ಹೊಡೆದಾಟ ಇವುಗಳ ಪ್ರಭಾವವನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ ಬಂದೂಕು ಇದ್ದ ಮನೆಯಲ್ಲಿ ಕೊಲೆಯಾಗುವ ಅಪಾಯ 2.7 ಪಟ್ಟು ಹೆಚ್ಚೆಂದು ಕಂಡಿತು. 1993ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಹಣ ಕೊಟ್ಟಿದ್ದು ಸಿ.ಡಿ.ಸಿ.

ಕ್ಷಣದ ದುಡುಕು, ಕೈಗೆಟಕುವ ಸಾಧನ

ಆತ್ಮಹತ್ಯೆಯ ಬಗ್ಗೆ ಒಂದು ಹಳೆಯ ನಂಬಿಕೆಯಿದೆ. ಸಾಯಬೇಕೆಂದು ನಿಶ್ಚಯಿಸಿದವರು ಹೇಗಾದರೂ ಸಾಯುತ್ತಾರೆ, ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ ಎಂಬುದು. ಬಂದೂಕಿನ ಚರ್ಚೆಯಲ್ಲೂ ಇದೇ ಮಾತು ಮತ್ತೆ ಮತ್ತೆ ಬಂದಿದೆ. ಬೇರೆ ಬೇರೆ ದೇಶಗಳ ಅನುಭವ ಇದನ್ನು ಸುಳ್ಳಾಗಿಸಿದೆ.

ಇಂಗ್ಲೆಂಡಿನ ಮನೆಗಳಲ್ಲಿ ಒಂದು ಕಾಲಕ್ಕೆ ಅಡುಗೆಗೆ ಬಳಸುತ್ತಿದ್ದುದು ಕಲ್ಲಿದ್ದಲಿನಿಂದ ತೆಗೆದ ಅನಿಲ. ಅದರಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇತ್ತು. ಆತ್ಮಹತ್ಯೆಗಳಲ್ಲಿ ಸುಮಾರು ಐದರಲ್ಲಿ ಎರಡು ಈ ಅನಿಲದಿಂದಲೇ ನಡೆಯುತ್ತಿದ್ದವು. 1960ರ ದಶಕದಿಂದ ಅದರ ಬದಲು ವಿಷವಿಲ್ಲದ ಅನಿಲ ಬಂತು. ಯಾರೂ ಆತ್ಮಹತ್ಯೆ ತಡೆಯಲೆಂದು ಮಾಡಿದ ಬದಲಾವಣೆ ಇದಲ್ಲ. ಆದರೂ 1963ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 5,700ರಷ್ಟಿದ್ದ ಆತ್ಮಹತ್ಯೆಗಳು 1975ರ ಹೊತ್ತಿಗೆ 3,700ಕ್ಕೆ ಇಳಿದವು. ದಾರಿ ಮುಚ್ಚಿದಾಗ ಬಹಳ ಮಂದಿ ಇನ್ನೊಂದು ದಾರಿ ಹುಡುಕಲೇ ಇಲ್ಲ.

ಶ್ರೀಲಂಕಾದಲ್ಲಿ ಆತ್ಮಹತ್ಯೆಯ ದೊಡ್ಡ ಸಾಧನ ಕೀಟನಾಶಕವಾಗಿತ್ತು. ಕರ್ನಾಟಕದ ಹಳ್ಳಿಗಳಿಗೂ ಈ ನೋವು ಅಪರಿಚಿತವಲ್ಲ. ಅತಿ ವಿಷದ ಕೀಟನಾಶಕಗಳನ್ನು ಅಲ್ಲಿನ ಸರ್ಕಾರ ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಮೂರರಲ್ಲಿ ಎರಡು ಭಾಗದಷ್ಟು ತಗ್ಗಿತು. ಬಂದೂಕಿನದೇ ಉದಾಹರಣೆ ಬೇಕಾದರೆ ಇಸ್ರೇಲಿನ ಸೇನೆಯದಿದೆ. ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕೆಂದು 2006ರಲ್ಲಿ ನಿಯಮ ಬಂತು. ಸೈನಿಕರ ಆತ್ಮಹತ್ಯೆ ಶೇಕಡಾ 40ರಷ್ಟು ಇಳಿಯಿತು. ಇಳಿದದ್ದು ವಾರಾಂತ್ಯದ ಸಾವುಗಳೇ. ವಾರದ ದಿನಗಳ ಅಂಕಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ಇದರ ಹಿಂದಿನ ಕಾರಣ ಸರಳ. ಸಾಯಬೇಕೆಂಬ ತೀವ್ರತೆ ಬಹಳ ಮಂದಿಯಲ್ಲಿ ನಿಮಿಷಗಳ, ಗಂಟೆಗಳ ಕಾಲ ಉಕ್ಕಿ ನಂತರ ಇಳಿಯುತ್ತದೆ. ಒಮ್ಮೆ ಪ್ರಯತ್ನಿಸಿ ಬದುಕುಳಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಯಾವುದು ಎಂಬುದರ ಮೇಲೆ ಜೀವ ನಿಂತಿರುತ್ತದೆ. ಬಂದೂಕು ಸಿಕ್ಕಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಎರಡನೆಯ ಅವಕಾಶವೇ ಇರುವುದಿಲ್ಲ. ಬಂದೂಕಿಗೆ ಬೀಗ ಹಾಕಿಡುವುದು, ಗುಂಡುಗಳನ್ನು ಬೇರೆ ಕಡೆ ಇಡುವುದು, ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದಾಗ ಅದನ್ನು ತಾತ್ಕಾಲಿಕವಾಗಿ ಹೊರಗೆ ಸಾಗಿಸುವುದು - ವೈದ್ಯರು ಹೇಳುವ ಈ ಸಣ್ಣ ಕ್ರಮಗಳ ಹಿಂದೆ ಇರುವುದು ಇದೇ ತಿಳಿವಳಿಕೆ.

ಬದುಕಿ ಉಳಿದವರು

ಸತ್ತವರ ಲೆಕ್ಕ ಕಥೆಯ ಅರ್ಧ ಮಾತ್ರ. ಗುಂಡು ತಗುಲಿಯೂ ಬದುಕುವವರ ಸಂಖ್ಯೆ ಸತ್ತವರಿಗಿಂತ ದೊಡ್ಡದು. ಪಿಸ್ತೂಲಿನ ಗುಂಡು ಸಾಮಾನ್ಯವಾಗಿ ತಾನು ಹಾಯ್ದ ದಾರಿಯನ್ನು ಕೆಡಿಸುತ್ತದೆ. ಅದಕ್ಕಿಂತ ಎರಡು ಮೂರು ಪಟ್ಟು ವೇಗದಲ್ಲಿ ಬರುವ ರೈಫಲ್ ಗುಂಡು ಸುತ್ತಲ ಮಾಂಸವನ್ನು ಅಲೆಯಂತೆ ಹಿಗ್ಗಿಸಿ ಹರಿಯುತ್ತದೆ. ಗುಂಡು ತಾಗದ ಯಕೃತ್ತು, ರಕ್ತನಾಳಗಳು ಕೂಡ ಒಡೆದುಹೋಗುತ್ತವೆ. ಯುದ್ಧಭೂಮಿಯ ವೈದ್ಯರಿಗೆ ಪರಿಚಿತವಾಗಿದ್ದ ಇಂಥ ಗಾಯಗಳು ನಗರದ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರತೊಡಗಿದವು.

ತೆಗೆದರೆ ಇನ್ನೂ ಹಾನಿ ಎಂದು ಗುಂಡಿನ ಚೂರುಗಳನ್ನು ಎಷ್ಟೋ ಸಲ ದೇಹದೊಳಗೇ ಬಿಡಲಾಗುತ್ತದೆ. ಕೀಲುಗಳ ಬಳಿ ಉಳಿದ ಸೀಸ ವರ್ಷಗಳ ಕಾಲ ರಕ್ತಕ್ಕೆ ಸೇರುವುದುಂಟು. ಬೆನ್ನುಹುರಿಗೆ ಪೆಟ್ಟಾದವರಿಗೆ ಉಳಿದ ಬದುಕೆಲ್ಲ ಗಾಲಿಕುರ್ಚಿ. ಕರುಳು ಹರಿದವರಿಗೆ ಹೊಟ್ಟೆಗೆ ಕಟ್ಟಿದ ಚೀಲ. ನಿದ್ದೆಯಿಲ್ಲದ ರಾತ್ರಿ, ಸದ್ದಿಗೆ ಬೆಚ್ಚುವಿಕೆ ಗಾಯಾಳುಗಳಿಗಷ್ಟೇ ಅಲ್ಲ, ನೋಡಿದ ಮಕ್ಕಳಿಗೂ ತಗುಲುತ್ತದೆ. 2023ರ ಒಂದು ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವೋ ತಮ್ಮ ಕುಟುಂಬದವರೋ ಬಂದೂಕಿನ ಬೆದರಿಕೆ, ಗಾಯ ಅಥವಾ ಸಾವನ್ನು ಹತ್ತಿರದಿಂದ ಕಂಡಿದ್ದೇವೆ ಎಂದರು.

ಗುಂಡೇಟು ಸೋಂಕಿನಂತೆ ಹರಡುವುದೂ ಉಂಟು. ಆಫ್ರಿಕದಲ್ಲಿ ಕಾಲರಾ, ಕ್ಷಯ ನಿಯಂತ್ರಣದಲ್ಲಿ ದುಡಿದು ಬಂದ ಡಾ. ಗ್ಯಾರಿ ಸ್ಲಟ್ಕಿನ್ ಷಿಕಾಗೊ ನಗರದ ಕೊಲೆಗಳ ನಕ್ಷೆಯಲ್ಲಿ ಕಾಲರಾ ನಕ್ಷೆಯ ಗುಂಪುಗಳನ್ನೇ ಕಂಡರು. ಒಂದು ಕೊಲೆಗೆ ಸೇಡು, ಆ ಸೇಡಿಗೆ ಇನ್ನೊಂದು ಕೊಲೆ. 2000ದಲ್ಲಿ ಅವರು ಆ ಓಣಿಗಳವರನ್ನೇ ತರಬೇತುಗೊಳಿಸಿ, ಜಗಳ ಗುಂಡಿನ ಹಂತ ಮುಟ್ಟುವ ಮೊದಲೇ ನಡುವೆ ಹೋಗಿ ತಣಿಸುವ ಯೋಜನೆ ಆರಂಭಿಸಿದರು. ಕೆಲವೆಡೆ ಅದು ಫಲಿಸಿತು, ಕೆಲವೆಡೆ ಅಷ್ಟಾಗಿ ಫಲಿಸಲಿಲ್ಲ. ಯಾವುದು ಏಕೆ ಎಂದು ತಿಳಿಯಲೂ ಸಂಶೋಧನೆಯೇ ಬೇಕು. ಆ ಸಂಶೋಧನೆಯ ಬೇರಿಗೇ ಅಷ್ಟರಲ್ಲಿ ಕೊಡಲಿ ಬಿದ್ದಿತ್ತು.

1996: ಎರಡು ದೇಶ, ಎರಡು ದಾರಿ

1993ರ ಅಧ್ಯಯನ ಅಮೆರಿಕದ ಪ್ರಬಲ ಬಂದೂಕು ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನನ್ನು ಕೆರಳಿಸಿತು. ಸಿ.ಡಿ.ಸಿ. ವಿಜ್ಞಾನದ ಹೆಸರಿನಲ್ಲಿ ಬಂದೂಕು ನಿಯಂತ್ರಣದ ಪ್ರಚಾರ ಮಾಡುತ್ತಿದೆ, ಗಾಯ ತಡೆಯ ಕೇಂದ್ರವನ್ನೇ ಮುಚ್ಚಬೇಕು ಎಂಬ ಒತ್ತಡ ಸಂಸತ್ತಿನಲ್ಲಿ ಹುಟ್ಟಿತು. ಅರ್ಕನ್ಸಾ ರಾಜ್ಯದ ರಿಪಬ್ಲಿಕನ್ ಸದಸ್ಯ ಜೇ ಡಿಕಿ ಇದರ ಮುಂದಾಳು. ಕೇಂದ್ರ ಉಳಿಯಿತು. ಆದರೆ 1996ರ ಮುಂಗಡಪತ್ರದ ಮಸೂದೆಯಲ್ಲಿ ಒಂದು ವಾಕ್ಯ ಸೇರಿತು. ಗಾಯ ತಡೆಗೆ ಕೊಟ್ಟ ಹಣವನ್ನು ಬಂದೂಕು ನಿಯಂತ್ರಣವನ್ನು ಪ್ರತಿಪಾದಿಸಲು ಬಳಸಕೂಡದು ಎಂಬುದು ಅದರ ಸಾರ. ಜೊತೆಗೆ ಸಿ.ಡಿ.ಸಿ.ಯ ಹಣದಲ್ಲಿ 26 ಲಕ್ಷ ಡಾಲರ್ ಕಡಿತವಾಗಿ ಬೇರೆ ಬಾಬ್ತಿಗೆ ಹೋಯಿತು. ಹಿಂದಿನ ವರ್ಷ ಬಂದೂಕು ಸಂಶೋಧನೆಗೆ ಖರ್ಚಾಗಿದ್ದುದು ಅಷ್ಟೇ ಮೊತ್ತ.

ವಾಕ್ಯದಲ್ಲಿ ಸಂಶೋಧನೆಯನ್ನು ನಿಷೇಧಿಸಿರಲಿಲ್ಲ. ಆದರೆ ಯಾವ ಫಲಿತಾಂಶವನ್ನು ಯಾರು ಪ್ರಚಾರವೆಂದು ಕರೆದಾರೋ ಎಂಬ ಭಯಕ್ಕೆ ಅಧಿಕಾರಿಗಳು ಆ ದಿಕ್ಕಿಗೇ ಹೋಗಲಿಲ್ಲ. ಸಂಶೋಧಕರು ಬೇರೆ ವಿಷಯಗಳಿಗೆ ಹೊರಳಿದರು. ಹೊಸ ವಿದ್ಯಾರ್ಥಿಗಳು ಬರಲಿಲ್ಲ. ಕೇಂದ್ರದ ಚುಕ್ಕಾಣಿ ಹಿಡಿದಿದ್ದ ಮಾರ್ಕ್ ರೋಸೆನ್‌ಬರ್ಗ್ 1999ರಲ್ಲಿ ಹೊರಬಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸಾವಿನ ಪ್ರಮಾಣಕ್ಕೆ ತಕ್ಕಂತೆ ಬಂದೂಕಿನ ಸಂಶೋಧನೆಗೆ 2004ರಿಂದ ಸುಮಾರು ಒಂದು ದಶಕದಲ್ಲಿ 140 ಕೋಟಿ ಡಾಲರ್ ಬರಬೇಕಿತ್ತು, ಬಂದದ್ದು 2.2 ಕೋಟಿ ಮಾತ್ರ ಎಂದು 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಲೆಕ್ಕ ಹಾಕಿತು.

ಅದೇ 1996ರ ಏಪ್ರಿಲ್ 28ರಂದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಪೋರ್ಟ್ ಆರ್ಥರ್ ಎಂಬ ಪ್ರವಾಸಿ ತಾಣದಲ್ಲಿ ಒಬ್ಬ ಬಂದೂಕುಧಾರಿ 35 ಮಂದಿಯನ್ನು ಕೊಂದ. ಪ್ರಧಾನಿ ಜಾನ್ ಹೋವರ್ಡ್ ಸಂಪ್ರದಾಯವಾದಿ ಪಕ್ಷದವರು. ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹನ್ನೆರಡು ದಿನಗಳೊಳಗೆ ಎಲ್ಲ ರಾಜ್ಯಗಳೂ ಒಂದು ರಾಷ್ಟ್ರೀಯ ಒಪ್ಪಂದಕ್ಕೆ ಬಂದವು. ಅರೆ ಸ್ವಯಂಚಾಲಿತ ರೈಫಲ್‌ಗಳಿಗೆ ಕಡಿವಾಣ ಬಿತ್ತು. ಪ್ರತಿ ಬಂದೂಕಿಗೂ ನೋಂದಣಿ, ಕೊಳ್ಳಲು ತಕ್ಕ ಕಾರಣ, ಕಾಯುವ ಅವಧಿ ಕಡ್ಡಾಯವಾದವು. ಸರ್ಕಾರ ಸುಮಾರು 6.5 ಲಕ್ಷ ಬಂದೂಕುಗಳನ್ನು ಬೆಲೆ ಕೊಟ್ಟು ಪಡೆದು ನಾಶಮಾಡಿತು. ಅದಕ್ಕೆ ಹಣ ಬಂದ ದಾರಿ ಕುತೂಹಲದ್ದು. ದೇಶದ ಆರೋಗ್ಯ ಯೋಜನೆಗೆಂದು ಜನ ಕಟ್ಟುವ ತೆರಿಗೆಯನ್ನೇ ಒಂದು ವರ್ಷದ ಮಟ್ಟಿಗೆ ಸ್ವಲ್ಪ ಏರಿಸಲಾಯಿತು.

ಅದಕ್ಕೆ ಮುಂಚಿನ 18 ವರ್ಷಗಳಲ್ಲಿ ಆಸ್ಟ್ರೇಲಿಯಾ ಐದು ಅಥವಾ ಹೆಚ್ಚು ಮಂದಿ ಸತ್ತ 13 ಸಾಮೂಹಿಕ ಹತ್ಯೆಗಳನ್ನು ಕಂಡಿತ್ತು. ನಂತರದ 20 ವರ್ಷಗಳಲ್ಲಿ ಅಂಥದ್ದು ಒಂದೂ ನಡೆಯಲಿಲ್ಲ. ಬಂದೂಕಿನ ಆತ್ಮಹತ್ಯೆ, ಕೊಲೆಗಳೂ ಇಳಿದವು. ಅವು ಕಾಯ್ದೆಗೆ ಮೊದಲೇ ಇಳಿಯುತ್ತಿದ್ದುದರಿಂದ ಎಷ್ಟು ಭಾಗ ಕಾಯ್ದೆಯ ಫಲ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಅಪಾಯ ಪೂರ್ತಿ ಅಳಿದುಹೋಯಿತೆಂದೂ ಅಲ್ಲ. 2025ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬಾಂಡಿ ಕಡಲತೀರದಲ್ಲಿ ನಡೆದ ಗುಂಡಿನ ದಾಳಿಗೆ 15 ಮಂದಿ ಬಲಿಯಾದರು. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಕಾಯ್ದೆಯ ಫಲವನ್ನು ವಾದಿಸಲು ಅಂಕಿಗಳಿದ್ದವು. ಅಮೆರಿಕದಲ್ಲಿ ಅಂಕಿ ಕೂಡಿಸುವ ಕೆಲಸವೇ ನಿಂತಿತ್ತು.

ಮೌನ ಮುರಿದದ್ದು

ಮೌನಕ್ಕೆ ಕಾರಣರಾದ ಡಿಕಿ ಅವರೇ ಮೌನ ಮುರಿಯಲು ನೆರವಾದದ್ದು ಈ ಇತಿಹಾಸದ ದೊಡ್ಡ ತಿರುವು. ಸಂಸತ್ತಿನಲ್ಲಿ ಎದುರುಬದುರಾಗಿದ್ದ ಡಿಕಿ ಮತ್ತು ರೋಸೆನ್‌ಬರ್ಗ್ ಕಾಲಕ್ರಮದಲ್ಲಿ ಗೆಳೆಯರಾದರು. 2012ರ ಜುಲೈನಲ್ಲಿ ಕೊಲರಾಡೊದ ಚಿತ್ರಮಂದಿರವೊಂದರಲ್ಲಿ ಹತ್ಯಾಕಾಂಡ ನಡೆದ ವಾರದಲ್ಲೇ ಇಬ್ಬರೂ ಸೇರಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಲೇಖನ ಬರೆದರು. ರಸ್ತೆ ಅಪಘಾತವನ್ನು ವಿಜ್ಞಾನ ತಗ್ಗಿಸಿದಂತೆ ಬಂದೂಕಿನ ಸಾವನ್ನೂ ತಗ್ಗಿಸಬಹುದು, ಅದೂ ಬಂದೂಕಿನ ಹಕ್ಕನ್ನು ಉಳಿಸಿಕೊಂಡೇ ಎಂಬುದು ಅವರ ವಾದ. ಸಂಶೋಧನೆ ನಿಂತುಹೋದದ್ದಕ್ಕೆ ಡಿಕಿ ಬಹಿರಂಗವಾಗಿ ವಿಷಾದಿಸಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಹೇಳುತ್ತಿದ್ದರು.

2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಮತ್ತು 6 ಮಂದಿ ಹಿರಿಯರು ಹತರಾದರು. ಸಂಶೋಧನೆ ಮತ್ತೆ ಆರಂಭಿಸುವಂತೆ ಅಧ್ಯಕ್ಷ ಒಬಾಮ ಆದೇಶಿಸಿದರು. ಸಂಸತ್ತು ಹಣ ಕೊಡಲಿಲ್ಲ. ಆ ಹೊತ್ತಿಗೆ ವಿವೇಕ್ ಮೂರ್ತಿ ಬಾಸ್ಟನ್‌ನಲ್ಲಿ ಯುವ ವೈದ್ಯ. ಬಂದೂಕು ಆರೋಗ್ಯದ ವಿಷಯ ಎಂದು 2012ರಲ್ಲೇ ಟ್ವಿಟರ್‌ನಲ್ಲಿ ಬರೆದಿದ್ದ ಅವರನ್ನು 2013ರ ನವೆಂಬರ್‌ನಲ್ಲಿ ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದಾಗ ರೈಫಲ್ ಸಂಘಟನೆ ತಿರುಗಿಬಿತ್ತು. ಈ ಹುದ್ದೆಯನ್ನು ಬಂದೂಕು ನಿಯಂತ್ರಣದ ವೇದಿಕೆ ಮಾಡಿಕೊಳ್ಳುವುದಿಲ್ಲ, ಬೊಜ್ಜಿನ ಸಮಸ್ಯೆಗೆ ಆದ್ಯತೆ ಕೊಡುತ್ತೇನೆ ಎಂದು ಅವರು ಸೆನೆಟ್ ಮುಂದೆ ಹೇಳಬೇಕಾಯಿತು. 2014ರ ಡಿಸೆಂಬರ್‌ನಲ್ಲಿ 51-43 ಮತಗಳಿಂದ ನೇಮಕ ಖಚಿತವಾಯಿತು.

ವೈದ್ಯರ ಬಾಯಿ ಕಟ್ಟುವ ಯತ್ನ ರಾಜ್ಯಗಳಲ್ಲೂ ನಡೆದಿತ್ತು. ಮನೆಯಲ್ಲಿ ಬಂದೂಕು ಇದೆಯೇ ಎಂದು ರೋಗಿಯನ್ನು ಕೇಳುವುದನ್ನೇ ಫ್ಲಾರಿಡಾ 2011ರಲ್ಲಿ ನಿರ್ಬಂಧಿಸಿತು. ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು 2017ರಲ್ಲಿ ರದ್ದುಮಾಡಿತು. ವೈದ್ಯರು ತಮ್ಮ ಕೆಲಸ ನೋಡಿಕೊಂಡಿರಲಿ ಎಂಬರ್ಥದಲ್ಲಿ ರೈಫಲ್ ಸಂಘಟನೆ 2018ರಲ್ಲಿ ಛೇಡಿಸಿದಾಗ, ಸಾವಿರಾರು ವೈದ್ಯರು ಇದೇ ನಮ್ಮ ಕೆಲಸ ಎಂದು ಉತ್ತರಿಸಿದರು. ಹಲವರು ರಕ್ತ ಮೆತ್ತಿದ ಅಂಗಿ, ಶಸ್ತ್ರಚಿಕಿತ್ಸಾ ಕೊಠಡಿಯ ನೆಲದ ಚಿತ್ರಗಳನ್ನೇ ಮುಂದಿಟ್ಟರು. ಅದೇ ವರ್ಷ, 1996ರ ವಾಕ್ಯ ಸಂಶೋಧನೆಗೆ ಅಡ್ಡಿಯಲ್ಲ ಎಂಬ ಸ್ಪಷ್ಟೀಕರಣ ಸಂಸತ್ತಿನಿಂದ ಬಂತು. 2019ರ ಡಿಸೆಂಬರ್‌ನಲ್ಲಿ ಎರಡು ಪಕ್ಷಗಳೂ ಒಪ್ಪಿ 2.5 ಕೋಟಿ ಡಾಲರ್ ಮಂಜೂರಾಯಿತು. ಇಪ್ಪತ್ತಮೂರು ವರ್ಷಗಳ ನಂತರ ಲೆಕ್ಕದ ಪುಸ್ತಕ ಮತ್ತೆ ತೆರೆಯಿತು.

2021ರಲ್ಲಿ ಎರಡನೇ ಬಾರಿಗೆ ಸರ್ಜನ್ ಜನರಲ್ ಆದ ಮೂರ್ತಿ, ಅವಧಿ ಮುಗಿಯಲು ಏಳು ತಿಂಗಳು ಉಳಿದಿರುವಾಗ 2024ರ ಎಚ್ಚರಿಕೆ ಹೊರಡಿಸಿದರು. ಅದರಲ್ಲಿ ಮೊದಲ ಬೇಡಿಕೆಗಳಲ್ಲೊಂದು ಹೆಚ್ಚಿನ ಸಂಶೋಧನೆಗೆ, ಅಂಕಿ ಸಂಗ್ರಹಕ್ಕೆ ಹಣ. ಆದರೆ ತೆರೆದ ಪುಸ್ತಕ ತೆರೆದೇ ಇರುತ್ತದೆಂಬ ಭರವಸೆ ಇಲ್ಲ. ಸರ್ಕಾರ ಬದಲಾದ ಮೇಲೆ 2025ರ ಮಾರ್ಚ್‌ನಲ್ಲಿ ಆ ಎಚ್ಚರಿಕೆಯನ್ನು ಆರೋಗ್ಯ ಇಲಾಖೆ ತನ್ನ ಅಂತರಜಾಲ ತಾಣದಿಂದ ತೆಗೆದುಹಾಕಿತು. ಏಪ್ರಿಲ್‌ನಲ್ಲಿ ಸಿ.ಡಿ.ಸಿ.ಯ ಗಾಯ ತಡೆ ಕೇಂದ್ರದ ಅನೇಕ ಸಿಬ್ಬಂದಿ ಕೆಲಸ ಕಳೆದುಕೊಂಡರು. ಆಗಸ್ಟ್‌ನಲ್ಲಿ ಅಟ್ಲಾಂಟಾದ ಆ ಸಂಸ್ಥೆಯ ಕಟ್ಟಡಗಳ ಮೇಲೆಯೇ ಒಬ್ಬ ನೂರಾರು ಗುಂಡು ಹಾರಿಸಿದ. ಒಬ್ಬ ಪೊಲೀಸ್ ಅಧಿಕಾರಿ ಪ್ರಾಣ ತೆತ್ತರು.

ಬಂದೂಕು ಇರಬೇಕೇ ಬೇಡವೇ ಎಂಬುದು ಅಮೆರಿಕನ್ನರು ತಮ್ಮ ಸಂವಿಧಾನ, ಸಂಸತ್ತುಗಳಲ್ಲಿ ತೀರ್ಮಾನಿಸಿಕೊಳ್ಳಬೇಕಾದ ವಿಷಯ. ವೈದ್ಯರು ಕೇಳಿದ್ದು ಅದಕ್ಕಿಂತ ಸಣ್ಣದು. ಯಾರು, ಎಲ್ಲಿ, ಯಾವ ಗಳಿಗೆಯಲ್ಲಿ, ಹೇಗೆ ಸತ್ತರು ಎಂದು ಬರೆದಿಡಲು ಬಿಡಿ ಎಂಬುದಷ್ಟೇ. ಸಿಗರೇಟಿನ ಸಾವಾಗಲಿ, ಕಾರಿನ ಸಾವಾಗಲಿ ಕಡಿಮೆಯಾದದ್ದು ಆ ಸಣ್ಣ ಕೆಲಸದಿಂದಲೇ. ಒಂದು ವಾಕ್ಯದಿಂದ ಕಳೆದುಹೋದ ವರ್ಷಗಳಲ್ಲಿ ಏನೇನು ತಿಳಿಯಬಹುದಿತ್ತು, ಅದರಿಂದ ಎಷ್ಟು ಮಕ್ಕಳು ಉಳಿಯುತ್ತಿದ್ದರು ಎಂಬುದಕ್ಕೆ ಮಾತ್ರ ಯಾರ ಬಳಿಯೂ ಲೆಕ್ಕವಿಲ್ಲ.